ವಿಸಿಟ್ ವೀಸಾದಲ್ಲಿ ದುಬೈಗೆ ಹೋಗಿ ಕೆಲಸ ಮಾಡಬಹುದೇ? ಹೊರಡುವ ಮುನ್ನ ತಿಳಿದಿರಬೇಕಾದ ನಿಯಮಗಳು

"ತಮ್ಮಾ, ಈಗ ವಿಸಿಟ್ ವೀಸಾ ಮ್ಯಾಲೆ ಹೋಗು. ಅಲ್ಲಿ ಹೋದ ಮ್ಯಾಲೆ ಕಂಪನಿ ವೀಸಾ ಮಾಡಿ ಕೊಡ್ತಾರ. ಎಲ್ಲಾರೂ ಹಂಗ ಹೋಗ್ಯಾರ."

ಕೊಲ್ಲಿ ದೇಶದ ಕೆಲಸದ ಮಾತು ಬಂದಲ್ಲೆಲ್ಲ ಈ ಮಾತೂ ಬರುತ್ತದೆ. ಕುಕನೂರು, ಯಲಬುರ್ಗಾ, ಕುಷ್ಟಗಿ ಭಾಗದವರಿಗೆ ಊರು ಬಿಟ್ಟು ದುಡಿಯಲು ಹೋಗುವುದು ಹೊಸದಲ್ಲ. ಮಳೆಯನ್ನೇ ನಂಬಿದ ಹೊಲ, ಮಳೆ ಕೈಕೊಟ್ಟ ವರ್ಷ ಗುಳೆ. ಬೆಂಗಳೂರು, ಮಂಗಳೂರು, ಗೋವಾಕ್ಕೆ ಹೋಗುವ ಆ ದಾರಿಯಲ್ಲೇ ಇನ್ನಷ್ಟು ದೂರ ಹೋದರೆ ದುಬೈ. ಆದರೆ ಗೋವಾಕ್ಕೆ ಹೋದವನಿಗೆ ಕೆಲಸ ಸಿಗದಿದ್ದರೆ ರೈಲು ಹತ್ತಿ ವಾಪಸ್ ಬರಬಹುದು. ದುಬೈಗೆ ಹೋದವನಿಗೆ ಕೆಲಸ ಸಿಗದಿದ್ದರೆ, ಅಥವಾ ಸಿಕ್ಕ ಕೆಲಸಕ್ಕೆ ಪರವಾನಗಿ ಇಲ್ಲದಿದ್ದರೆ, ವಾಪಸ್ ಬರುವುದೇ ದೊಡ್ಡ ಸಮಸ್ಯೆಯಾಗುತ್ತದೆ. ಈ ಎರಡರ ನಡುವಿನ ವ್ಯತ್ಯಾಸವೆಲ್ಲ ವೀಸಾ ಎಂಬ ಒಂದು ಹಾಳೆಯಲ್ಲಿದೆ.

ಈ ಲೇಖನದಲ್ಲಿ ನಾವು ದುಬೈ ಇರುವ ಸಂಯುಕ್ತ ಅರಬ್ ಎಮಿರೇಟ್ಸ್, ಅಂದರೆ ಯುಎಇ ದೇಶದ ವೀಸಾ ನಿಯಮಗಳನ್ನು ನೋಡೋಣ. ಜೊತೆಗೆ, ಬಹಳ ಮಂದಿಗೆ ಗೊತ್ತಿಲ್ಲದ ಇನ್ನೊಂದು ವಿಷಯವನ್ನೂ ನೋಡೋಣ: ಅಲ್ಲಿನ ನಿಯಮಕ್ಕಿಂತ ಮೊದಲು ನಮ್ಮ ದೇಶದ ನಿಯಮವೊಂದಿದೆ. ಮೋಸ ನಡೆಯುವುದು ಹೆಚ್ಚಾಗಿ ಈ ಎರಡು ನಿಯಮಗಳ ನಡುವಿನ ಸಂದಿಯಲ್ಲೇ.

ವೀಸಾ ಎಂದರೆ ಎಲ್ಲಾ ಒಂದೇ ಅಲ್ಲ

ಮೊದಲ ತಪ್ಪು ತಿಳುವಳಿಕೆ ಎಂದರೆ, "ವೀಸಾ ಬಂತು ಅಂದ್ರ ಮುಗೀತು" ಎನ್ನುವುದು. ವೀಸಾ ಎಂದರೆ ಒಂದು ದೇಶದೊಳಗೆ ಬರಲು ಆ ದೇಶ ಕೊಡುವ ಅನುಮತಿ. ಯಾವ ಉದ್ದೇಶಕ್ಕೆ ಬರುತ್ತೀರಿ, ಎಷ್ಟು ದಿನ ಇರುತ್ತೀರಿ ಎಂಬ ಷರತ್ತು ಅದರಲ್ಲೇ ಇರುತ್ತದೆ. ನಮ್ಮ ಕಡೆಯವರಿಗೆ ಸಂಬಂಧಿಸಿದ ಮುಖ್ಯ ಬಗೆಗಳು ಇವು:

ಪ್ರವಾಸಿ ಅಥವಾ ವಿಸಿಟ್ ವೀಸಾ: ನೋಡಲು, ನೆಂಟರನ್ನು ಭೇಟಿಯಾಗಲು. ಸಾಮಾನ್ಯವಾಗಿ 30 ಅಥವಾ 60 ದಿನಗಳದ್ದು. ಒಂದು ಸಲ ಮಾತ್ರ ಒಳಬರುವಂಥದ್ದೂ ಇದೆ, ಹಲವು ಸಲ ಬಂದು ಹೋಗುವಂಥದ್ದೂ ಇದೆ. ಇದರಲ್ಲಿ ಸಂಬಳದ ಕೆಲಸ ಮಾಡುವಂತಿಲ್ಲ.

ಟ್ರಾನ್ಸಿಟ್ ವೀಸಾ: ಬೇರೆ ದೇಶಕ್ಕೆ ಹೋಗುವ ದಾರಿಯಲ್ಲಿ ವಿಮಾನ ಬದಲಿಸುವವರಿಗೆ. 48 ಗಂಟೆ ಅಥವಾ 96 ಗಂಟೆಗಳದ್ದು.

ಕೆಲಸ ಹುಡುಕುವ ವೀಸಾ: 2022ರ ಅಕ್ಟೋಬರ್‌ನಲ್ಲಿ ಜಾರಿಗೆ ಬಂದ ಹೊಸ ಬಗೆ. 60, 90 ಅಥವಾ 120 ದಿನ ಅಲ್ಲಿದ್ದು ಕೆಲಸ ಹುಡುಕಬಹುದು. ಆದರೆ ಇದು ಪದವೀಧರರಿಗೆ, ಮೇಲಿನ ಹಂತದ ಕೌಶಲದ ಹುದ್ದೆಗಳಿಗೆ. ಗಾರೆ ಕೆಲಸ, ಡ್ರೈವಿಂಗ್, ಮನೆಗೆಲಸ ಹುಡುಕುವವರಿಗೆ ಇದು ಸಿಗುವುದಿಲ್ಲ.

ಉದ್ಯೋಗದ ಪ್ರವೇಶ ಪರವಾನಗಿ: ಕೆಲಸ ಕೊಡುವ ಕಂಪನಿಯೇ ಅರ್ಜಿ ಹಾಕಿ, ಅಲ್ಲಿನ ಕಾರ್ಮಿಕ ಸಚಿವಾಲಯದ ಒಪ್ಪಿಗೆ ಪಡೆದು ತರಿಸಿಕೊಡುವುದು. ಊರಿನಲ್ಲಿ 'ಕಂಪನಿ ವೀಸಾ' ಎನ್ನುವುದು ಇದನ್ನೇ.

ವಿಸಿಟ್ ವೀಸಾ ಹಾಳೆಯೂ ಉದ್ಯೋಗದ ಪರವಾನಗಿಯ ಹಾಳೆಯೂ ದೂರದಿಂದ ನೋಡಿದರೆ ಒಂದೇ ಥರ ಕಾಣುತ್ತವೆ. ಎರಡರಲ್ಲೂ ಫೋಟೊ ಇರುತ್ತದೆ, ಅರೇಬಿಕ್ ಅಕ್ಷರ ಇರುತ್ತದೆ, ನಂಬರ್ ಇರುತ್ತದೆ. ಅದಕ್ಕೇ ಮೇಲುಗಡೆ ಇಂಗ್ಲಿಷ್‌ನಲ್ಲಿ ಬರೆದಿರುವ ವೀಸಾದ ಬಗೆಯನ್ನು ಓದಬಲ್ಲವರ ಕೈಲಿ ಓದಿಸಿಕೊಳ್ಳಿ. 'ಟೂರಿಸ್ಟ್' ಅಥವಾ 'ವಿಸಿಟ್' ಎಂದಿದ್ದರೆ ಅದು ಕೆಲಸದ ವೀಸಾ ಅಲ್ಲ, ಏಜೆಂಟ್ ಏನೇ ಹೇಳಲಿ.

ವಿಸಿಟ್ ವೀಸಾದಲ್ಲಿ ಹೋಗುವವರಿಗೆ ಏನೇನು ಬೇಕು?

ನಿಜವಾಗಿಯೂ ನೋಡಲು, ಮಗ-ಮಗಳ ಮನೆಗೆ ಹೋಗಿ ಬರಲು ಹೊರಟವರ ವಿಷಯ ಮೊದಲು ನೋಡೋಣ.

"ದುಬೈಗೆ ಹೋಗಿ ಇಳಿದರೆ ಅಲ್ಲೇ ವೀಸಾ ಕೊಡುತ್ತಾರೆ" ಎಂಬ ಮಾತು ಅರ್ಧ ಮಾತ್ರ ನಿಜ. ಭಾರತದ ಸಾಮಾನ್ಯ ಪಾಸ್‌ಪೋರ್ಟ್ ಇರುವವರು ಮೊದಲೇ ವೀಸಾ ಪಡೆದು ಹೋಗಬೇಕು. ಅಮೆರಿಕದ ವೀಸಾ ಅಥವಾ ಗ್ರೀನ್ ಕಾರ್ಡ್, ಬ್ರಿಟನ್ ಅಥವಾ ಯುರೋಪಿಯನ್ ಒಕ್ಕೂಟದ ವಾಸದ ಪರವಾನಗಿಯಂಥವು ಇದ್ದ ಭಾರತೀಯರಿಗೆ ಮಾತ್ರ ಅಲ್ಲಿ ಇಳಿದ ಮೇಲೆ 14 ದಿನಗಳ ವೀಸಾ ಸಿಗುತ್ತದೆ. ಊರಿಂದ ನೇರವಾಗಿ ಹೊರಟವರಿಗೆ ಇದು ಅನ್ವಯಿಸುವುದಿಲ್ಲ.

ಪಾಸ್‌ಪೋರ್ಟ್‌ನ ಅವಧಿ ಇನ್ನೂ ಕನಿಷ್ಠ ಆರು ತಿಂಗಳು ಬಾಕಿ ಇರಬೇಕು. ವಾಪಸ್ ಬರುವ ಟಿಕೆಟ್ ಇರಬೇಕು. ಎಲ್ಲಿ ಉಳಿಯುತ್ತೀರಿ ಎಂಬುದಕ್ಕೆ ಹೋಟೆಲ್ ಬುಕಿಂಗ್ ಅಥವಾ ನೆಂಟರ ಮನೆಯ ವಿಳಾಸ ಇರಬೇಕು. ಖರ್ಚಿಗೆ ಹಣ ಇದೆ ಎಂದು ತೋರಿಸಬೇಕಾಗಬಹುದು. ಒಂದು ತಿಂಗಳ ವೀಸಾಕ್ಕೆ 3,000 ದಿರ್ಹಮ್ ಎಂಬುದು ಸಾಮಾನ್ಯವಾಗಿ ಹೇಳುವ ಲೆಕ್ಕ. ಒಂದು ದಿರ್ಹಮ್‌ಗೆ 24 ರೂಪಾಯಿ ಎಂದು ಹಿಡಿದರೆ ಇದು 72,000 ರೂಪಾಯಿ. ಇದು ಯಾರಿಗೂ ಕಟ್ಟಬೇಕಾದ ಶುಲ್ಕವಲ್ಲ, ನಿಮ್ಮ ಹತ್ತಿರ ಇದೆ ಎಂದು ತೋರಿಸಬೇಕಾದ ಹಣ. 2024ರಿಂದ ಇವುಗಳ ತಪಾಸಣೆ ಬಿಗಿಯಾಗಿದೆ. ವಿಮಾನ ಕಂಪನಿಯವರೇ ಇಲ್ಲಿ ಕೇಳುತ್ತಾರೆ, ಇಲ್ಲದಿದ್ದರೆ ಹತ್ತಿಸಿಕೊಳ್ಳುವುದಿಲ್ಲ.

ಅಲ್ಲಿ ದುಡಿಯುತ್ತಿರುವ ಮಗ ಊರಿನಿಂದ ಅವ್ವನನ್ನು ಕರೆಸಿಕೊಳ್ಳಬೇಕೆಂದರೆ ಅವನ ಸಂಬಳಕ್ಕೂ ಮಿತಿ ಇದೆ. 2025ರಲ್ಲಿ ಪ್ರಕಟವಾದ ನಿಯಮದಂತೆ, ತಂದೆ-ತಾಯಿ, ಹೆಂಡತಿ-ಮಕ್ಕಳಂಥ ಹತ್ತಿರದವರನ್ನು ಕರೆಸಲು ತಿಂಗಳಿಗೆ 4,000 ದಿರ್ಹಮ್, ಎರಡನೇ ಮತ್ತು ಮೂರನೇ ಹಂತದ ಸಂಬಂಧಿಕರಿಗೆ 8,000, ಗೆಳೆಯರಿಗೆ 15,000 ದಿರ್ಹಮ್ ಆದಾಯ ಇರಬೇಕು. ಅಷ್ಟು ಸಂಬಳ ಇಲ್ಲದವರ ಮನೆಯವರು ಟ್ರಾವೆಲ್ ಏಜೆನ್ಸಿ ಅಥವಾ ವಿಮಾನ ಕಂಪನಿಯ ಮೂಲಕ ಪ್ರವಾಸಿ ವೀಸಾ ಪಡೆಯಬಹುದು.

ಅಡ್ಡಹೆಸರು ಇಲ್ಲದಿದ್ದರೆ ತೊಂದರೆ

ಈ ನಿಯಮ ನಮ್ಮ ಕಡೆಯವರನ್ನು ಹೆಚ್ಚು ಕಾಡುತ್ತದೆ. 2022ರ ನವೆಂಬರ್‌ನಲ್ಲಿ ಯುಎಇ ಒಂದು ಸೂಚನೆ ಹೊರಡಿಸಿತು. ಪಾಸ್‌ಪೋರ್ಟ್‌ನಲ್ಲಿ ಒಂದೇ ಪದದ ಹೆಸರು ಇದ್ದು, ಇನ್ನೊಂದು ಕಾಲಂ ಖಾಲಿ ಇದ್ದರೆ, ಅಂಥವರನ್ನು ವಿಸಿಟ್ ಮತ್ತು ಪ್ರವಾಸಿ ವೀಸಾದ ಮೇಲೆ ಬಿಡುವುದಿಲ್ಲ ಎಂದಿತು. 'ಹನುಮಪ್ಪ' ಎಂದಷ್ಟೇ ಇದ್ದು ಅಡ್ಡಹೆಸರಿನ ಜಾಗ ಖಾಲಿ ಇದ್ದರೆ ತೊಂದರೆ. ಹಳ್ಳಿಗಳ ಹಿರಿಯರಲ್ಲಿ, ಅದರಲ್ಲೂ ಹೆಣ್ಣುಮಕ್ಕಳಲ್ಲಿ, ಆಧಾರ್‌ನಿಂದ ಹಿಡಿದು ಎಲ್ಲ ಕಾಗದಗಳಲ್ಲೂ ಒಂದೇ ಪದದ ಹೆಸರಿರುವುದು ಸಾಮಾನ್ಯ.

ಆದ್ದರಿಂದ ಹೊಸದಾಗಿ ಪಾಸ್‌ಪೋರ್ಟ್ ಮಾಡಿಸುವವರು ಹೆಸರು ಮತ್ತು ಅಡ್ಡಹೆಸರು ಎರಡೂ ಕಾಲಂಗಳನ್ನು ತುಂಬಿಸಿ. ಮನೆತನದ ಹೆಸರೋ, ತಂದೆಯ ಹೆಸರೋ ಯಾವುದಾದರೂ ಸರಿ, ಎಲ್ಲ ದಾಖಲೆಗಳಲ್ಲೂ ಒಂದೇ ರೀತಿ ಇರಲಿ. ಈಗಾಗಲೇ ಒಂದೇ ಪದ ಇರುವವರು ಟಿಕೆಟ್ ತೆಗೆಯುವ ಮುನ್ನ ವಿಮಾನ ಕಂಪನಿಯನ್ನು ಕೇಳಿ ಖಚಿತ ಮಾಡಿಕೊಳ್ಳಿ.

"ಹೋದ ಮೇಲೆ ಬದಲಾಯಿಸಬಹುದು" ಎಂಬ ಅರ್ಧ ಸತ್ಯ

ಈಗ ಮುಖ್ಯ ಪ್ರಶ್ನೆಗೆ ಬರೋಣ. ವಿಸಿಟ್ ವೀಸಾದಲ್ಲಿ ಹೋಗಿ ಅಲ್ಲಿ ಕೆಲಸದ ವೀಸಾಕ್ಕೆ ಬದಲಾಯಿಸಿಕೊಳ್ಳಲು ಆಗುತ್ತದೆಯೇ?

ಯುಎಇ ನಿಯಮದ ಪ್ರಕಾರ ಆಗುತ್ತದೆ. ಅಲ್ಲಿರುವ ಕಂಪನಿಯೊಂದು ನಿಮ್ಮನ್ನು ಕೆಲಸಕ್ಕೆ ತೆಗೆದುಕೊಳ್ಳಲು ಒಪ್ಪಿ, ಕಾರ್ಮಿಕ ಸಚಿವಾಲಯದಿಂದ ಪರವಾನಗಿ ಪಡೆದರೆ, ದೇಶ ಬಿಡದೆಯೇ ವೀಸಾದ ಸ್ಥಿತಿ ಬದಲಾಯಿಸಿಕೊಳ್ಳಲು ಅವಕಾಶವಿದೆ. ಹೀಗೆ ಹೋಗಿ ಕೆಲಸ ಗಿಟ್ಟಿಸಿದವರೂ ಇದ್ದಾರೆ. "ಎಲ್ಲಾರೂ ಹಂಗ ಹೋಗ್ಯಾರ" ಎಂಬ ಮಾತಿಗೆ ಬಲ ಬಂದಿರುವುದು ಇದರಿಂದಲೇ.

ಆದರೆ ಏಜೆಂಟ್ ಹೇಳದೇ ಬಿಡುವ ಮೂರು ಸಂಗತಿಗಳಿವೆ.

ಒಂದು, ಪರವಾನಗಿ ಬರುವವರೆಗೆ ಒಂದು ದಿನವೂ ಕೆಲಸ ಮಾಡುವಂತಿಲ್ಲ. "ಮೊದಲು ಎರಡು ತಿಂಗಳು ಮಾಡಿ ತೋರಿಸು, ಆಮೇಲೆ ವೀಸಾ ಹಾಕಿಸುತ್ತೇವೆ" ಎಂದರೆ ಆ ಎರಡು ತಿಂಗಳು ನೀವು ಮಾಡುವುದು ಅಕ್ರಮ ಕೆಲಸ. ಸಿಕ್ಕಿಬಿದ್ದರೆ ದಂಡ, ಜೈಲು, ಗಡೀಪಾರು ಮೂರಕ್ಕೂ ಅವಕಾಶವಿದೆ. ಸಂಬಳ ಕೊಡದಿದ್ದರೂ ದೂರು ಕೊಡುವುದು ಕಷ್ಟ; ಕೈಯಲ್ಲಿ ಒಪ್ಪಂದವೇ ಇರುವುದಿಲ್ಲ. 2024ರಲ್ಲಿ ಯುಎಇ ಕಾರ್ಮಿಕ ಕಾನೂನಿಗೆ ತಿದ್ದುಪಡಿ ತಂದು, ಪರವಾನಗಿ ಇಲ್ಲದವರನ್ನು ಕೆಲಸಕ್ಕಿಟ್ಟುಕೊಳ್ಳುವ ಮಾಲೀಕರಿಗೆ 1 ಲಕ್ಷದಿಂದ 10 ಲಕ್ಷ ದಿರ್ಹಮ್‌ವರೆಗೆ ದಂಡ ಹಾಕುವುದಾಗಿ ಹೇಳಿದೆ. ಜನರನ್ನು ಕರೆಸಿಕೊಂಡು ಕೆಲಸ ಕೊಡದೇ ಬಿಡುವವರಿಗೂ ಇದೇ ದಂಡ. ಹೀಗಾಗಿ ನೇರವಾಗಿ ವ್ಯವಹಾರ ಮಾಡುವ ಕಂಪನಿ ಈ ದಾರಿ ಹಿಡಿಯುವುದಿಲ್ಲ. ಈ ದಾರಿ ಹಿಡಿದ ಕಂಪನಿ ಎಂಥದ್ದಿರಬಹುದು ಎಂದು ನೀವೇ ಊಹಿಸಿ.

ಎರಡು, ದಿನ ಓಡುತ್ತಿರುತ್ತದೆ. ವಿಸಿಟ್ ವೀಸಾದ 30 ಅಥವಾ 60 ದಿನ ಮುಗಿಯುವುದರೊಳಗೆ ಕಂಪನಿ ಸಿಗಬೇಕು, ಪರವಾನಗಿ ಬರಬೇಕು. ಅಷ್ಟೂ ದಿನ ಉಳಿಯುವ, ಉಣ್ಣುವ ಖರ್ಚು ನಿಮ್ಮದೇ.

ಮೂರನೆಯದು ಎಲ್ಲಕ್ಕಿಂತ ದೊಡ್ಡದು. ಅದು ನಮ್ಮ ದೇಶದ ಕಾನೂನು.

ಪಾಸ್‌ಪೋರ್ಟ್‌ನಲ್ಲಿ ಇಸಿಆರ್ ಎಂದಿದೆಯೇ?

ಭಾರತದಲ್ಲಿ 1983ರ ವಲಸೆ ಕಾಯ್ದೆ ಜಾರಿಯಲ್ಲಿದೆ. ಕಡಿಮೆ ಓದಿದವರು ವಿದೇಶಕ್ಕೆ ದುಡಿಯಲು ಹೋದಾಗ ಮೋಸ ಹೋಗದಂತೆ ಮೊದಲೇ ಪರಿಶೀಲಿಸುವುದು ಇದರ ಉದ್ದೇಶ. ಹತ್ತನೇ ತರಗತಿ ಪಾಸಾಗದವರ ಪಾಸ್‌ಪೋರ್ಟ್‌ಗಳು ಸಾಮಾನ್ಯವಾಗಿ ಇಸಿಆರ್ ವರ್ಗಕ್ಕೆ ಸೇರುತ್ತವೆ. ಇಸಿಆರ್ ಎಂದರೆ 'ವಲಸೆ ಪರಿಶೀಲನೆ ಅಗತ್ಯ' ಎಂದರ್ಥ. ಪಾಸ್‌ಪೋರ್ಟ್‌ನಲ್ಲಿ ಆ ಗುರುತು ಇಲ್ಲದಿದ್ದರೆ ಪರಿಶೀಲನೆ ಬೇಕಿಲ್ಲ.

ಇಸಿಆರ್ ಪಾಸ್‌ಪೋರ್ಟ್ ಇರುವವರು ಸರ್ಕಾರ ಗುರುತಿಸಿದ 18 ದೇಶಗಳಲ್ಲಿ ಯಾವುದಕ್ಕೆ ಕೆಲಸಕ್ಕೆ ಹೊರಟರೂ ವಲಸೆ ಸಂರಕ್ಷಣಾಧಿಕಾರಿಯ ಅನುಮತಿ ಪಡೆಯಬೇಕು. ಯುಎಇ, ಸೌದಿ ಅರೇಬಿಯಾ, ಕುವೈತ್, ಕತಾರ್, ಒಮಾನ್, ಬಹರೇನ್ ಆರೂ ಆ ಪಟ್ಟಿಯಲ್ಲಿವೆ. ಅರ್ಜಿ ಹೋಗುವುದು ಇ-ಮೈಗ್ರೇಟ್ ಎಂಬ ಸರ್ಕಾರಿ ಜಾಲತಾಣದ ಮೂಲಕ. ಕರ್ನಾಟಕದವರಿಗೆ ಬೆಂಗಳೂರಿನಲ್ಲಿ ಈ ಅಧಿಕಾರಿಯ ಕಚೇರಿ ಇದೆ.

ಈಗ ಸಂದಿ ಎಲ್ಲಿದೆ ನೋಡಿ. 2007ರಿಂದ, ಇಸಿಆರ್ ಪಾಸ್‌ಪೋರ್ಟ್ ಇದ್ದವರೂ ಕೆಲಸಕ್ಕಲ್ಲದೆ ಬೇರೆ ಕಾರಣಕ್ಕೆ, ಅಂದರೆ ನೆಂಟರನ್ನು ನೋಡಲು, ಪ್ರವಾಸಕ್ಕೆ, ಯಾತ್ರೆಗೆ ಹೋಗುವುದಾದರೆ ಈ ಅನುಮತಿ ಬೇಕಿಲ್ಲ. ವೀಸಾ ಮತ್ತು ವಾಪಸ್ ಟಿಕೆಟ್ ಇದ್ದರೆ ಸಾಕು. ಬಡವರಿಗೆ ಅನುಕೂಲವಾಗಲೆಂದು ಮಾಡಿದ ಈ ಸಡಿಲಿಕೆಯನ್ನೇ ಏಜೆಂಟರು ಬಳಸುತ್ತಾರೆ. ಕೆಲಸಕ್ಕೆ ಹೋಗುವವನ ಕೈಗೆ ಪ್ರವಾಸಿ ವೀಸಾ ಕೊಟ್ಟು, "ಏರ್‌ಪೋರ್ಟ್‌ನ್ಯಾಗ ಕೇಳಿದ್ರ ಕಾಕಾನ ಮನೀಗೆ ಹೊಂಟೇನಿ ಅನ್ನು" ಎಂದು ಹೇಳಿಕೊಡುತ್ತಾರೆ. ವಲಸೆ ಅಧಿಕಾರಿಗೆ ಅನುಮಾನ ಬಂದರೆ ವಿಮಾನ ಹತ್ತದಂತೆ ತಡೆದು ವಾಪಸ್ ಕಳಿಸುತ್ತಾರೆ. ಟಿಕೆಟ್ ಹಣವೂ ಹೋಯಿತು, ಏಜೆಂಟ್‌ಗೆ ಕೊಟ್ಟದ್ದೂ ಹೋಯಿತು.

ಅನುಮಾನ ಬರದೇ ದಾಟಿಬಿಟ್ಟರೆ? ಆಗ ಇನ್ನೂ ದೊಡ್ಡ ನಷ್ಟ. ಅನುಮತಿ ಪಡೆದು ಹೋಗುವ ಇಸಿಆರ್ ಕಾರ್ಮಿಕನಿಗೆ ಪ್ರವಾಸಿ ಭಾರತೀಯ ವಿಮಾ ಯೋಜನೆ ಕಡ್ಡಾಯ. ಎರಡು ವರ್ಷಕ್ಕೆ 275 ರೂಪಾಯಿ, ಮೂರು ವರ್ಷಕ್ಕೆ 375 ರೂಪಾಯಿ ಕಂತು. ಅಪಘಾತದಲ್ಲಿ ಸತ್ತರೆ ಅಥವಾ ಶಾಶ್ವತವಾಗಿ ಅಂಗವಿಕಲನಾದರೆ 10 ಲಕ್ಷ ರೂಪಾಯಿವರೆಗೆ ಪರಿಹಾರ. ಅವನ ಕೆಲಸದ ಒಪ್ಪಂದ, ಸಂಬಳ, ಮಾಲೀಕನ ಹೆಸರು ಸರ್ಕಾರದ ದಾಖಲೆಯಲ್ಲಿ ಇರುತ್ತವೆ. ಪ್ರವಾಸಿ ವೀಸಾದಲ್ಲಿ ಹೋದವನಿಗೆ ಇದ್ಯಾವುದೂ ಇಲ್ಲ. ಸರ್ಕಾರದ ಲೆಕ್ಕದಲ್ಲಿ ಅವನು ದುಬೈ ನೋಡಲು ಹೋದ ಪ್ರವಾಸಿ. ಕಟ್ಟಡದ ಮೇಲಿಂದ ಬಿದ್ದರೆ, ಮನೆಯವರ ಕೈಗೆ ತೋರಿಸಲು ಒಂದು ಕಾಗದವೂ ಇರುವುದಿಲ್ಲ.

ಹೆಣ್ಣುಮಕ್ಕಳ ವಿಷಯದಲ್ಲಿ ನಿಯಮ ಇನ್ನೂ ಬಿಗಿ. ಇಸಿಆರ್ ವರ್ಗದ 30 ವರ್ಷದೊಳಗಿನ ಮಹಿಳೆಯರಿಗೆ ಈ ದೇಶಗಳಲ್ಲಿ ಕೆಲಸಕ್ಕೆ ಅನುಮತಿಯನ್ನೇ ಕೊಡುವುದಿಲ್ಲ. 30 ದಾಟಿದವರನ್ನು ಮನೆಗೆಲಸದಂಥ ಕೆಲಸಕ್ಕೆ ಕಳಿಸುವ ಅಧಿಕಾರವೂ ಸರ್ಕಾರಿ ನೇಮಕಾತಿ ಸಂಸ್ಥೆಗಳಿಗೆ ಮಾತ್ರ. ಆದ್ದರಿಂದ ಊರಿಗೆ ಬಂದು "ಅರಬ್ಬರ ಮನೆಗೆಲಸಕ್ಕೆ ಹೆಣ್ಣುಮಕ್ಕಳು ಬೇಕು, ವಿಸಿಟ್ ವೀಸಾ ರೆಡಿ" ಎನ್ನುವ ಖಾಸಗಿ ಏಜೆಂಟ್ ಕಾನೂನು ಮುರಿಯುತ್ತಿದ್ದಾನೆ ಎಂದೇ ತಿಳಿಯಿರಿ.

"ನಾಲ್ಕು ದಿನ ಹೆಚ್ಚಾದರೆ ಏನಾಗುತ್ತದೆ?"

ವೀಸಾ ಮುಗಿದ ಮೇಲೂ ಅಲ್ಲಿ ಉಳಿದರೆ ದಿನಕ್ಕೆ 50 ದಿರ್ಹಮ್ ದಂಡ. ಮೊದಲು ವೀಸಾ ಮುಗಿದ ಮೇಲೆ 10 ದಿನಗಳ ರಿಯಾಯಿತಿ ಸಿಗುತ್ತಿತ್ತು ಎಂಬುದನ್ನು ನಂಬಿ ಈಗಲೂ ಕೆಲವರು ಉಳಿಯುತ್ತಾರೆ. ವಿಸಿಟ್ ವೀಸಾಕ್ಕೆ ಆ ರಿಯಾಯಿತಿಯನ್ನು 2023ರಲ್ಲಿ ತೆಗೆದುಹಾಕಲಾಗಿದೆ.

50 ದಿರ್ಹಮ್ ಎಂದರೆ ಸುಮಾರು 1,200 ರೂಪಾಯಿ. ಕರ್ನಾಟಕದಲ್ಲಿ 2025–26ರ ಉದ್ಯೋಗ ಖಾತ್ರಿ ಕೂಲಿ ದಿನಕ್ಕೆ 370 ರೂಪಾಯಿ. ಅಂದರೆ ಅಲ್ಲಿ ಒಂದು ದಿನದ ದಂಡ ಇಲ್ಲಿನ ಮೂರು ದಿನದ ಕೂಲಿಗಿಂತ ಹೆಚ್ಚು. ಎರಡು ತಿಂಗಳು ಮೀರಿದರೆ 72,000 ರೂಪಾಯಿ. ಆರು ತಿಂಗಳಾದರೆ ಎರಡು ಲಕ್ಷ ದಾಟುತ್ತದೆ. ಇದನ್ನು ಕಟ್ಟದೇ ದೇಶ ಬಿಡುವಂತಿಲ್ಲ. ವೀಸಾ ತೆಗೆಸಿಕೊಟ್ಟ ಏಜೆನ್ಸಿ ನಿಮ್ಮನ್ನು ಪರಾರಿ ಎಂದು ವರದಿ ಮಾಡಿದರೆ ಮತ್ತೆ ಆ ದೇಶಕ್ಕೆ ಹೋಗುವುದೂ ಕಷ್ಟ.

"ಆಗಾಗ ಮಾಫಿ ಬಿಡ್ತಾರ, ಅವಾಗ ಬಂದ್ರಾತು" ಎನ್ನುವವರೂ ಇದ್ದಾರೆ. ಯುಎಇ 2018ರಲ್ಲಿ ಮತ್ತು 2024ರಲ್ಲಿ ಇಂಥ ಕ್ಷಮಾದಾನ ಘೋಷಿಸಿದ್ದು ನಿಜ. 2024ರ ಸೆಪ್ಟೆಂಬರ್ 1ರಿಂದ ಡಿಸೆಂಬರ್ 31ರವರೆಗೆ ದಂಡವಿಲ್ಲದೆ ಊರಿಗೆ ಮರಳಲು ಅಥವಾ ವೀಸಾ ಸರಿಪಡಿಸಿಕೊಳ್ಳಲು ಅವಕಾಶ ಕೊಟ್ಟಿತ್ತು. ಆದರೆ ಇಂಥ ಕ್ಷಮಾದಾನಗಳ ನಡುವೆ ವರ್ಷಗಳ ಅಂತರವಿರುತ್ತದೆ. ವರ್ಷಗಟ್ಟಲೆ ಅಡಗಿಕೊಂಡು, ಕಾಯಿಲೆ ಬಂದರೆ ಆಸ್ಪತ್ರೆಗೆ ಹೋಗಲು ಹೆದರಿ, ಅಪ್ಪ ತೀರಿಕೊಂಡರೂ ಮಣ್ಣಿಗೆ ಬರಲಾಗದೆ ಬದುಕುವುದನ್ನು ಒಂದು ಯೋಜನೆ ಎನ್ನಲಾಗದು.

ಆಜಾದ್ ವೀಸಾ, ಒಂದೇ ವೀಸಾ: ಇನ್ನೆರಡು ತಪ್ಪು ತಿಳುವಳಿಕೆ

'ಆಜಾದ್ ವೀಸಾ' ಅಥವಾ 'ಫ್ರೀ ವೀಸಾ' ಎಂಬ ಹೆಸರನ್ನು ನೀವು ಕೇಳಿರಬಹುದು. ಯಾರದೋ ಹೆಸರಿನಲ್ಲಿ ವೀಸಾ ಪಡೆದು, ಅವನಿಗೆ ಹಣ ಕೊಟ್ಟು, ಎಲ್ಲಿ ಬೇಕಾದರೂ ಕೆಲಸ ಮಾಡಬಹುದು ಎನ್ನುತ್ತಾರೆ. ಕೊಲ್ಲಿಯ ಯಾವ ದೇಶದ ಕಾನೂನಿನಲ್ಲೂ ಈ ಹೆಸರಿನ ವೀಸಾ ಇಲ್ಲ. ಪರವಾನಗಿ ಒಬ್ಬ ಮಾಲೀಕನದು, ಕೆಲಸ ಇನ್ನೊಬ್ಬನ ಹತ್ತಿರ ಎಂದಾದರೆ ಅದು ಅಕ್ರಮ. ಹೆಸರಿನಲ್ಲಿ 'ಫ್ರೀ' ಇದ್ದರೂ ಸಾಮಾನ್ಯವಾಗಿ ಇದಕ್ಕೇ ಹೆಚ್ಚು ಹಣ ಕೀಳುತ್ತಾರೆ.

ಇನ್ನೊಂದು, "ಒಂದು ವೀಸಾ ಇದ್ರ ಎಲ್ಲಾ ಅರಬ್ ದೇಶಕ್ಕೂ ಹೋಗಬಹುದು" ಎಂಬುದು. ಯುಎಇ ವೀಸಾ ಇದ್ದರೆ ದುಬೈ, ಅಬುಧಾಬಿ, ಶಾರ್ಜಾ ಸೇರಿ ಆ ದೇಶದ ಏಳೂ ಎಮಿರೇಟ್‌ಗಳಲ್ಲಿ ಓಡಾಡಬಹುದು. ಒಮಾನ್‌ಗೋ ಸೌದಿಗೋ ಹೋಗಲು ಅಲ್ಲಿನ ನಿಯಮವೇ ಬೇರೆ. ಆರೂ ಕೊಲ್ಲಿ ದೇಶಗಳಿಗೆ ಒಂದೇ ಪ್ರವಾಸಿ ವೀಸಾ ಕೊಡುವ ಯೋಜನೆಗೆ 2023ರ ನವೆಂಬರ್‌ನಲ್ಲಿ ಒಪ್ಪಿಗೆ ಸಿಕ್ಕಿದೆ. ಹೆಸರೇ ಹೇಳುವಂತೆ ಅದು ಪ್ರವಾಸಿಗಳಿಗೆ. ಕೆಲಸಕ್ಕೂ ಅದಕ್ಕೂ ಸಂಬಂಧವಿಲ್ಲ.

ಗಸಗಸೆ ಉಂಡಿ ಕಟ್ಟಿಕೊಡಬೇಡಿ

ವೀಸಾ ಸರಿ ಇದ್ದರೂ ಚೀಲದೊಳಗಿನ ವಸ್ತುವಿನಿಂದ ಜೈಲು ಸೇರಬಹುದು. ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಪುಡಿ ಒಯ್ಯುವುದಕ್ಕೆ ಚಿಂತೆಯಿಲ್ಲ. ಆದರೆ ಗಸಗಸೆ ಯುಎಇಯಲ್ಲಿ ನಿಷೇಧಿತ. ಸೌದಿಯಲ್ಲೂ ಅಷ್ಟೇ. ಕಾರಣ ಇಷ್ಟೇ: ಗಸಗಸೆ ಬರುವುದು ಅಫೀಮಿನ ಗಿಡದಿಂದ. ಕಾಳಿನಲ್ಲಿ ಅಮಲು ಬರುವಷ್ಟು ಏನೂ ಇರುವುದಿಲ್ಲ, ಆದರೆ ಕಾಯಿಯ ಹಾಲು ತಾಗಿ ಅದರ ಮೇಲ್ಮೈಯಲ್ಲಿ ಮಾರ್ಫಿನ್ ಮತ್ತು ಕೋಡಿನ್ ಅಂಶ ಸ್ವಲ್ಪ ಉಳಿದಿರಬಹುದು. ಮಾದಕ ವಸ್ತುಗಳ ಬಗ್ಗೆ ಬಹಳ ಬಿಗಿಯಾದ ಕಾನೂನು ಇರುವ ಆ ದೇಶಗಳು ಇಡೀ ಗಸಗಸೆಯನ್ನೇ ಆ ಪಟ್ಟಿಗೆ ಸೇರಿಸಿವೆ. ನಮ್ಮಲ್ಲಿ ಪಾಯಸ, ಅಂಟಿನ ಉಂಡಿ, ಮಸಾಲೆಗಳಿಗೆ ಗಸಗಸೆ ಹಾಕುವ ರೂಢಿ ಇರುವುದರಿಂದ ಅವ್ವಂದಿರು ಪ್ರೀತಿಯಿಂದ ಕಟ್ಟಿಕೊಟ್ಟ ಡಬ್ಬಿಯೇ ತೊಂದರೆ ತರಬಹುದು. ವೀಳ್ಯದೆಲೆ, ಪಾನ್, ಗುಟ್ಕಾ ಕೂಡ ಒಯ್ಯಬೇಡಿ.

ಔಷಧಿಗಳ ವಿಷಯದಲ್ಲೂ ಎಚ್ಚರ ಬೇಕು. ಟ್ರಮಡಾಲ್‌ನಂಥ ನೋವಿನ ಮಾತ್ರೆ, ಕೋಡಿನ್ ಇರುವ ಕೆಮ್ಮಿನ ಸಿರಪ್, ಕೆಲವು ನಿದ್ದೆ ಮತ್ತು ಮಾನಸಿಕ ಕಾಯಿಲೆಯ ಔಷಧಿಗಳು ಅಲ್ಲಿ ನಿಯಂತ್ರಿತ ಪಟ್ಟಿಯಲ್ಲಿವೆ. ಇಂಥವು ಬೇಕೇ ಬೇಕಾದರೆ ಹೊರಡುವ ಮುನ್ನ ಅಲ್ಲಿನ ಸರ್ಕಾರದಿಂದ ಆನ್‌ಲೈನ್ ಅನುಮತಿ ಪಡೆಯಬೇಕು. ಬಿಪಿ, ಸಕ್ಕರೆ ಕಾಯಿಲೆಯ ಮಾತ್ರೆಗಳಿಗೂ ವೈದ್ಯರ ಚೀಟಿ ಜೊತೆಗಿರಲಿ, ಮಾತ್ರೆ ಅದರ ಮೂಲ ಪ್ಯಾಕೆಟ್‌ನಲ್ಲೇ ಇರಲಿ. ಬೇರೆಯವರು "ನಮ್ಮ ಹುಡುಗನಿಗೆ ಕೊಡ್ರಿ" ಎಂದು ಕೊಟ್ಟ ಗಂಟನ್ನು ಬಿಚ್ಚಿ ನೋಡದೆ ಒಯ್ಯಲೇಬೇಡಿ.

ಹಾಗಾದರೆ ಸರಿಯಾದ ದಾರಿ ಯಾವುದು?

ಕೆಲಸಕ್ಕೇ ಹೋಗಬೇಕೆಂದಿದ್ದರೆ ದಾರಿ ಇದೆ. ಸ್ವಲ್ಪ ನಿಧಾನ, ಆದರೆ ಅಗ್ಗ.

ಮೊದಲು ನೇಮಕಾತಿ ಏಜೆಂಟ್ ಸರ್ಕಾರದಲ್ಲಿ ನೋಂದಾಯಿತನೇ ನೋಡಿ. ಇ-ಮೈಗ್ರೇಟ್ ಜಾಲತಾಣದಲ್ಲಿ ನೋಂದಾಯಿತ ಏಜೆಂಟರ ಪಟ್ಟಿ ಎಲ್ಲರಿಗೂ ತೆರೆದಿದೆ. ಮೊಬೈಲ್‌ನಲ್ಲೇ ನೋಡಬಹುದು. "ನಾನು ಬೆಂಗಳೂರಿನ ದೊಡ್ಡ ಏಜೆಂಟ್‌ನ ಕಡೆಯವನು" ಎನ್ನುವ ಸಬ್ ಏಜೆಂಟ್‌ಗೆ ಕಾಯ್ದೆಯಲ್ಲಿ ಜಾಗವಿಲ್ಲ. ನೋಂದಣಿ ಇಲ್ಲದೆ ಜನರನ್ನು ವಿದೇಶಕ್ಕೆ ಕಳಿಸುವುದು ಎರಡು ವರ್ಷದವರೆಗೆ ಜೈಲು ಶಿಕ್ಷೆಯ ಅಪರಾಧ.

ಎರಡನೆಯದು ಹಣ. ನೋಂದಾಯಿತ ಏಜೆಂಟ್ ಕಾರ್ಮಿಕನಿಂದ ಪಡೆಯಬಹುದಾದ ಸೇವಾ ಶುಲ್ಕ ಹೆಚ್ಚೆಂದರೆ 30,000 ರೂಪಾಯಿ ಮತ್ತು ಅದರ ಮೇಲಿನ ಜಿಎಸ್‌ಟಿ. ಶೇ 18ರ ಲೆಕ್ಕದಲ್ಲಿ ಒಟ್ಟು 35,400 ರೂಪಾಯಿ. ರಸೀದಿ ಕೊಡಲೇಬೇಕು. ಇನ್ನು ಯುಎಇ ಕಾನೂನಿನ ಪ್ರಕಾರ ಕಾರ್ಮಿಕನನ್ನು ಕರೆಸಿಕೊಳ್ಳುವ ಮತ್ತು ಪರವಾನಗಿಯ ಖರ್ಚನ್ನು ಮಾಲೀಕನೇ ಹೊರಬೇಕು, ಕಾರ್ಮಿಕನಿಂದ ವಸೂಲಿ ಮಾಡುವಂತಿಲ್ಲ. ಹೀಗಿರುವಾಗ ಲಕ್ಷಗಟ್ಟಲೆ ಹಣ ಕೇಳುವವನು ಯಾವುದಕ್ಕೆ ಕೇಳುತ್ತಿದ್ದಾನೆ? ಎಕರೆ ಹೊಲ ಅಡವಿಡುವ ಮುನ್ನ ಈ ಒಂದು ಪ್ರಶ್ನೆ ಕೇಳಿ.

ಮೂರನೆಯದು ಆಫರ್ ಲೆಟರ್. ಅಲ್ಲಿನ ಕಾರ್ಮಿಕ ಸಚಿವಾಲಯದ ನಮೂನೆಯ ಆಫರ್ ಲೆಟರ್ ಅರೇಬಿಕ್, ಇಂಗ್ಲಿಷ್ ಜೊತೆಗೆ ಹಿಂದಿ, ಉರ್ದು, ಮಲಯಾಳಂ, ತಮಿಳಿನಂಥ ಭಾಷೆಗಳಲ್ಲಿ ಸಿಗುತ್ತದೆ. ಆ ಪಟ್ಟಿಯಲ್ಲಿ ಕನ್ನಡ ಇಲ್ಲ. ಆದ್ದರಿಂದ ಹಿಂದಿಯೋ ಉರ್ದುವೋ ಓದಬಲ್ಲವರಿಂದ, ಇಲ್ಲವೇ ಊರಿನ ಮಾಸ್ತರರಿಂದ ಓದಿಸಿಕೊಂಡೇ ಸಹಿ ಮಾಡಿ. ಸಂಬಳ ಎಷ್ಟು, ಕೆಲಸ ಯಾವುದು, ಎಷ್ಟು ಗಂಟೆ, ವಸತಿ ಯಾರದು ಎಂಬುದು ಅದರಲ್ಲಿರಬೇಕು. ಅಲ್ಲಿ ಹೋದ ಮೇಲೆ ಬೇರೆ ಒಪ್ಪಂದಕ್ಕೆ ಸಹಿ ಹಾಕು ಎಂದರೆ ಇದೇ ನಿಮ್ಮ ಆಧಾರ.

ನಾಲ್ಕನೆಯದು, ಇಸಿಆರ್ ಪಾಸ್‌ಪೋರ್ಟ್ ಇದ್ದರೆ ಅನುಮತಿ ಮತ್ತು ವಿಮೆ ಎರಡನ್ನೂ ಪಡೆದ ಮೇಲೆಯೇ ವಿಮಾನ ಹತ್ತಿ. ಹತ್ತನೇ ತರಗತಿ ಪಾಸಾಗಿದ್ದರೂ ಇಸಿಆರ್ ಗುರುತು ಇದ್ದರೆ ಅಂಕಪಟ್ಟಿ ಕೊಟ್ಟು ಪಾಸ್‌ಪೋರ್ಟ್ ಮರುವಿತರಣೆಗೆ ಅರ್ಜಿ ಹಾಕಬಹುದು.

ಉದ್ಯೋಗದ ಪರವಾನಗಿಯಲ್ಲಿ ಅಲ್ಲಿಗೆ ಹೋದ ಮೇಲೆ ವೈದ್ಯಕೀಯ ತಪಾಸಣೆ, ಎಮಿರೇಟ್ಸ್ ಗುರುತಿನ ಚೀಟಿ, ವಾಸದ ಪರವಾನಗಿ ಆಗುತ್ತವೆ. ಇದಕ್ಕೆ 60 ದಿನಗಳ ಕಾಲಾವಕಾಶವಿದೆ. ಪಾಸ್‌ಪೋರ್ಟ್ ನಿಮ್ಮ ಹತ್ತಿರವೇ ಇರಬೇಕು. ಮಾಲೀಕ ಅದನ್ನು ಕಿತ್ತಿಟ್ಟುಕೊಳ್ಳುವಂತಿಲ್ಲ ಎಂದು ಅಲ್ಲಿನ ಕಾನೂನೇ ಹೇಳುತ್ತದೆ.

ಈಗಾಗಲೇ ಹೋಗಿ ಸಿಕ್ಕಿಕೊಂಡಿದ್ದರೆ?

ಹೆದರಿ ಅಡಗಿ ಕೂರಬೇಡಿ. ದಿನ ಕಳೆದಂತೆ ದಂಡ ಬೆಳೆಯುತ್ತದೆ. ಅಬುಧಾಬಿಯಲ್ಲಿ ಭಾರತದ ರಾಯಭಾರ ಕಚೇರಿ, ದುಬೈಯಲ್ಲಿ ಕಾನ್ಸುಲೇಟ್ ಇವೆ. ಪ್ರವಾಸಿ ಭಾರತೀಯ ಸಹಾಯತಾ ಕೇಂದ್ರಕ್ಕೆ ಯುಎಇ ಒಳಗಿನಿಂದ 800 46342 ನಂಬರಿಗೆ ಉಚಿತವಾಗಿ ಕರೆ ಮಾಡಬಹುದು. ಊರಿನಲ್ಲಿರುವ ಮನೆಯವರು 1800 11 3090ಕ್ಕೆ ಕರೆ ಮಾಡಬಹುದು, ವಿದೇಶಾಂಗ ಸಚಿವಾಲಯದ 'ಮದದ್' ಜಾಲತಾಣದಲ್ಲಿ ದೂರು ದಾಖಲಿಸಬಹುದು. ಪಾಸ್‌ಪೋರ್ಟ್ ಕೈಯಲ್ಲಿಲ್ಲದಿದ್ದರೆ ಊರಿಗೆ ಮರಳಲು ಕಾನ್ಸುಲೇಟ್ ತುರ್ತು ಪ್ರಮಾಣಪತ್ರ ಕೊಡುತ್ತದೆ. ತೀರಾ ಕಷ್ಟದಲ್ಲಿರುವವರ ನೆರವಿಗೆ 2009ರಿಂದ ಭಾರತೀಯ ಸಮುದಾಯ ಕಲ್ಯಾಣ ನಿಧಿಯೂ ಇದೆ. ವಿಸಿಟ್ ವೀಸಾದಲ್ಲಿ ಹೋದವರೂ ಭಾರತದ ಪ್ರಜೆಗಳೇ. ಸಹಾಯ ಕೇಳುವ ಹಕ್ಕು ಅವರಿಗೂ ಇದೆ.

ಕೊನೆಯದಾಗಿ

ವಿಸಿಟ್ ವೀಸಾದಲ್ಲಿ ದುಬೈಗೆ ಹೋಗಿ ಕೆಲಸ ಮಾಡಬಹುದೇ ಎಂಬ ಪ್ರಶ್ನೆಗೆ ಉತ್ತರ: ಮಾಡುವಂತಿಲ್ಲ. ಅಲ್ಲಿ ಹೋದ ಮೇಲೆ ಬದಲಾಯಿಸಿಕೊಳ್ಳುವ ದಾರಿ ಇದ್ದರೂ, ಇಸಿಆರ್ ಪಾಸ್‌ಪೋರ್ಟ್ ಇರುವವರು ಕೆಲಸದ ಉದ್ದೇಶ ಮುಚ್ಚಿಟ್ಟು ಹೋಗುವುದು ನಮ್ಮ ಕಾನೂನಿಗೆ ವಿರುದ್ಧ. ಸರಿಯಾದ ದಾರಿಯಲ್ಲಿ ಸಿಗುವ ವಿಮೆ, ಒಪ್ಪಂದ, ದಾಖಲೆ ಮೂರನ್ನೂ ಕಳೆದುಕೊಂಡು ಹೋದಂತೆ.

ವೀಸಾದ ಶುಲ್ಕ, ದಿನಗಳ ಮಿತಿ, ಸಂಬಳದ ಮಿತಿ ಆಗಾಗ ಬದಲಾಗುತ್ತವೆ. ಹೊರಡುವ ವಾರದಲ್ಲಿ ಯುಎಇ ಸರ್ಕಾರದ ಅಧಿಕೃತ ಜಾಲತಾಣದಲ್ಲಿ ಇನ್ನೊಮ್ಮೆ ನೋಡಿ. ವೀಸಾ ಅಸಲಿಯೇ ನಕಲಿಯೇ ಎಂಬುದನ್ನೂ ಅಲ್ಲಿನ ವಲಸೆ ಇಲಾಖೆಯ ಜಾಲತಾಣದಲ್ಲಿ ಪಾಸ್‌ಪೋರ್ಟ್ ನಂಬರ್ ಹಾಕಿ ಪರೀಕ್ಷಿಸಬಹುದು.

ಕುಕನೂರಿನಿಂದ ಹುಬ್ಬಳ್ಳಿಗೆ ಈಗ ರೈಲಿದೆ, ಅಲ್ಲಿಂದ ಬೆಂಗಳೂರು, ಬೆಂಗಳೂರಿನಿಂದ ನಾಲ್ಕು ಗಂಟೆಯ ವಿಮಾನ. ಹೋಗುವ ದಾರಿ ಮೊದಲಿಗಿಂತ ಸುಲಭವಾಗಿದೆ. ವಾಪಸ್ ಬರುವ ದಾರಿಯೂ ಅಷ್ಟೇ ಸುಲಭವಾಗಿರಬೇಕೆಂದರೆ, ಏಜೆಂಟ್ ಕೈಗಿಟ್ಟ ಆ ಹಾಳೆಯ ಮೇಲೆ ಏನು ಬರೆದಿದೆ ಎಂಬುದನ್ನು ಇವತ್ತೇ ಓದಿಸಿಕೊಳ್ಳಿ.